ಹುಟ್ಟಿನಿಂದ ಅಪರಾಧಿ: ಒಂದು ಕಲ್ಪನೆಯ ಉಗಮ ಮತ್ತು ಬಾಳಿಕೆ

1

ಯಾವುದು ಸದಾಚಾರ, ಯಾವುದು ದುರಾಚಾರ ಎಂಬ ವಿವೇಚನೆಯಿಲ್ಲದ ಸಮಾಜವು ಎಲ್ಲಿಯೂ ಇಲ್ಲ. ಕೊಲೆ, ಸುಲಿಗೆ, ವಿಶ್ವಾಸಘಾತಗಳನ್ನು ಎಲ್ಲ ಕಾಲದ ಜನರೂ ಒಂದಲ್ಲ ಒಂದು ರೀತಿಯಲ್ಲಿ ಖಂಡಿಸಿದ್ದಾರೆ. ಆದರೆ ಇವುಗಳ ಆಚೆಗೆ ಬಹು ವಿಸ್ತಾರವಾದ ಇನ್ನೊಂದು ಕ್ಷೇತ್ರವುಂಟು. ಊರೂರು ಅಲೆಯುವುದು, ಕುಣಿದು ಹಾಡಿ ಕಾಸು ಕೇಳುವುದು, ಅಡವಿಯಲ್ಲಿ ಬೇಟೆಯಾಡುವುದು, ಆಯುಧವನ್ನು ಧರಿಸುವುದು ಇವೆಲ್ಲ ಒಂದು ಕಾಲದಲ್ಲಿ ಕುಲವೃತ್ತಿಗಳಾಗಿದ್ದು ಇನ್ನೊಂದು ಕಾಲದಲ್ಲಿ ಅಪರಾಧಗಳೆನಿಸಿದವು. ಕ್ರಿಯೆ ಬದಲಾಗಲಿಲ್ಲ, ಅದಕ್ಕೆ ಇಟ್ಟ ಹೆಸರು ಬದಲಾಯಿತು. ಹೆಸರನ್ನು ಬದಲಾಯಿಸಿದವರು ಯಾರು, ಯಾವ ಅಗತ್ಯಕ್ಕಾಗಿ, ಯಾವ ಅಧಿಕಾರದ ಬಲದಿಂದ ಎಂಬುದನ್ನು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಪಾಶ್ಚಾತ್ಯ ಸಮಾಜಶಾಸ್ತ್ರದಲ್ಲಿ ಈ ಪ್ರಶ್ನೆಗೆ ದೀರ್ಘವಾದ ಚರಿತ್ರೆಯಿದೆ. ಫ್ರಾನ್ಸಿನ ಎಮಿಲ್ ಡರ್ಕ್‌ಹೈಮ್ 1895ರಲ್ಲಿ ಒಂದು ವಿಚಿತ್ರವಾದ ಕಲ್ಪನೆಯನ್ನು ಮುಂದಿಟ್ಟನು: ಕೇವಲ ಸಂತರೇ ವಾಸಿಸುವ ಮಠವೊಂದಿದ್ದರೆ ಅಲ್ಲಿಯೂ ಅಪರಾಧವಿದ್ದೇ ಇರುತ್ತದೆ, ನಮ್ಮ ಕಣ್ಣಿಗೆ ಕಾಣದಷ್ಟು ಅಲ್ಪವಾದ ಲೋಪವು ಅವರ ಪಾಲಿಗೆ ಮಹಾಪರಾಧವಾಗುತ್ತದೆ. ಅಮೆರಿಕದ ಹಾವರ್ಡ್ ಬೆಕರ್ 1963ರಲ್ಲಿ ಈ ವಿಚಾರವನ್ನು ಇನ್ನಷ್ಟು ಮುಂದಕ್ಕೊಯ್ದನು. ತಪ್ಪು ಎಂಬುದು ಕೃತ್ಯದೊಳಗೆ ಅಡಗಿರುವ ಗುಣವಲ್ಲ. ಕೆಲವರು ನಿಯಮವನ್ನು ಮಾಡಿ, ಅದನ್ನು ಇನ್ನು ಕೆಲವರಿಗೆ ಅನ್ವಯಿಸಿ, ಅವರನ್ನು ಹೊರಗಿನವರೆಂದು ಗುರುತಿಸಿದುದರ ಫಲ ಎಂಬುದು ಆತನ ವಾದದ ಸಾರ.

ಈ ಸಿದ್ಧಾಂತಗಳನ್ನು ಪರೀಕ್ಷಿಸಲು ನಾವು ದೂರ ಹೋಗಬೇಕಾದುದಿಲ್ಲ. ವಿಜಾಪುರ, ಧಾರವಾಡ, ಸೊಲ್ಲಾಪುರ, ಠಾಣೆ ಜಿಲ್ಲೆಗಳು ಒಂದೇ ಮುಂಬಯಿ ಪ್ರಾಂತದಲ್ಲಿದ್ದ ಕಾಲದಲ್ಲಿ ಕೆಲವು ಸಮುದಾಯಗಳನ್ನು ಸರಕಾರವು ಹುಟ್ಟಿನಿಂದಲೇ ಅಪರಾಧಿಗಳೆಂದು ಪಟ್ಟಿ ಮಾಡಿತು. ಆ ಪಟ್ಟಿಯ ಕಥೆಯು ಕನ್ನಡ, ಮರಾಠಿ ಸೀಮೆಗಳೆರಡಕ್ಕೂ ಸೇರಿದ ಕಥೆ. ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳಲ್ಲಿ ನೆಲೆಸಿರುವ ನಮಗಂತೂ ಅದು ಎರಡು ಪಟ್ಟು ಸಮೀಪವಾದುದು.

2

ಮೊದಲು ಒಂದು ಸಣ್ಣ ನಿದರ್ಶನವನ್ನು ನೋಡೋಣ. ಈಗ ಬಾಗಲಕೋಟೆ ಜಿಲ್ಲೆಗೆ ಸೇರಿರುವ ಹಲಗಲಿಯ ಬೇಡರು ತಲೆತಲಾಂತರದಿಂದ ಆಯುಧಪಾಣಿಗಳು. ಆಯುಧವು ಅವರ ಜೀವನೋಪಾಯವೂ ಹೌದು, ಮಾನವೂ ಹೌದು. 1857ರಲ್ಲಿ ಇಂಗ್ಲಿಷರು ಜನರ ಕೈಯಿಂದ ಆಯುಧಗಳನ್ನು ಕಸಿದುಕೊಳ್ಳುವ ಕಾಯಿದೆಯನ್ನು ಜಾರಿಗೆ ತಂದರು. ನಿನ್ನೆಯವರೆಗೆ ಸಹಜವಾಗಿದ್ದ ನಡತೆಯು ಒಂದು ಕಾಗದದ ಬಲದಿಂದ ರಾಜದ್ರೋಹವಾಯಿತು. ಹಲಗಲಿಯವರು ಒಪ್ಪಲಿಲ್ಲ, ದಂಡು ಬಂದಿತು, ಊರು ಸುಟ್ಟಿತು, ಸಿಕ್ಕಿದವರಲ್ಲಿ ಅನೇಕರು ಗಲ್ಲಿಗೇರಿದರು. ಅದೇ ಬೇಡರು ಜನರ ಲಾವಣಿಯಲ್ಲಿ ವೀರರಾದರು. ಆ ಲಾವಣಿಯನ್ನು ಸಂಗ್ರಹಿಸಿ ಮುದ್ರಿಸಿದವನು ಜೆ. ಎಫ್. ಫ್ಲೀಟ್ ಎಂಬ ಇಂಗ್ಲಿಷ್ ಅಧಿಕಾರಿಯೇ ಎಂಬುದು ಗಮನಾರ್ಹ. ಒಂದೇ ಕೃತ್ಯವು ಕಾಯಿದೆಯ ದೃಷ್ಟಿಯಲ್ಲಿ ಅಪರಾಧ, ಊರಿನ ದೃಷ್ಟಿಯಲ್ಲಿ ಪೌರುಷ. ಇಂದು ಕರ್ನಾಟಕದಲ್ಲಿ ಬೇಡರು ಪರಿಶಿಷ್ಟ ಪಂಗಡದವರು. ಮಹಾರಾಷ್ಟ್ರದಲ್ಲಿ ಅವರೇ ‘ಬೇರಡ’ ಎಂಬ ಹೆಸರಿನಿಂದ ವಿಮುಕ್ತ ಜಾತಿಗಳ ಪಟ್ಟಿಯಲ್ಲಿದ್ದಾರೆ. ‘ವಿಮುಕ್ತ’ ಎಂದರೆ ಬಿಡುಗಡೆ ಹೊಂದಿದವರು. ಯಾವುದರಿಂದ ಬಿಡುಗಡೆ ಎಂದು ಕೇಳಿದಾಗ ನಮ್ಮ ಮುಖ್ಯ ವಿಷಯಕ್ಕೆ ಬಂದಂತಾಗುತ್ತದೆ.

3

ಬೇಡರದು ಆಯುಧದ ಮಾತಾಯಿತು. ಅಲೆಮಾರಿ ವೃತ್ತಿಗಳು ಹೇಗೆ ಶಂಕೆಗೆ ಗುರಿಯಾದವು ಎಂಬುದು ಇನ್ನಷ್ಟು ವಿಚಾರಾರ್ಹ. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಯವರೆಗೆ ದೇಶದ ಮೊದಲನೆಯ ಪ್ರಯಾಣಿಕರ ರೈಲು ಓಡಿತು. ಮರುವರ್ಷ ಅದು ಕಲ್ಯಾಣವನ್ನು ಮುಟ್ಟಿತು. ಕಲ್ಯಾಣದಲ್ಲಿ ಕವಲೊಡೆದ ಹಳಿಗಳು 1860ರ ದಶಕದಲ್ಲಿ ಬೋರ್ ಮತ್ತು ಥಳ ಘಟ್ಟಗಳನ್ನು ಹತ್ತಿ ದೇಶದೊಳಕ್ಕೆ ಹಬ್ಬಿದವು. ಈ ಭಾಗಕ್ಕೆ ನಮ್ಮ ಹಿರಿಯರನ್ನು ಕರೆತಂದು ಅನ್ನ ಕೊಟ್ಟ ಹಳಿಗಳು ಇವೇ. ಆದರೆ ಈ ಹಳಿಗಳು ಬರುವ ಮುಂಚೆ ಕರಾವಳಿಯ ಉಪ್ಪನ್ನು ಘಟ್ಟದ ಮೇಲಕ್ಕೂ, ಬಯಲುಸೀಮೆಯ ಧಾನ್ಯವನ್ನು ಪೇಟೆಗಳಿಗೂ ಸಾಗಿಸುತ್ತಿದ್ದವರು ಯಾರು? ಸಾವಿರಾರು ಹೇರೆತ್ತುಗಳ ಹಿಂಡಿನೊಡನೆ ನಡೆಯುತ್ತಿದ್ದ ಲಂಬಾಣಿಗಳು; ಕತ್ತೆಗಳ ಮೇಲೆ ಉಪ್ಪು ಹೇರಿಕೊಂಡು ಹಳ್ಳಿಗಳ ಬಾಗಿಲಿಗೆ ಮುಟ್ಟಿಸುತ್ತಿದ್ದ ಕೊರವರು. ದಂಡಿನ ಅಧಿಪತಿಗಳು ಸೈನ್ಯಕ್ಕೆ ಧಾನ್ಯ ಬೇಕಾದಾಗ ಲಂಬಾಣಿಗಳನ್ನೇ ಆಶ್ರಯಿಸುತ್ತಿದ್ದರು. ಅಂದು ಅವರ ಅಲೆದಾಟವು ಯಾರ ಕಣ್ಣಿಗೂ ದೋಷವಾಗಿ ಕಾಣಲಿಲ್ಲ. ಅದು ನಾಡಿಗೆ ಬೇಕಾದ ಸೇವೆಯಾಗಿದ್ದಿತು.

ರೈಲು ಮತ್ತು ಸಡಕುಗಳು ಹೇರೆತ್ತನ್ನು ನಿರುಪಯೋಗಿಯಾಗಿ ಮಾಡಿದವು. ಸರಕಾರದ ಉಪ್ಪಿನ ನೀತಿಯು ಚಿಲ್ಲರೆ ವ್ಯಾಪಾರವನ್ನು ಕೆಡಿಸಿತು. 1878ರ ಅರಣ್ಯ ಕಾಯಿದೆಯು ಬೇಟೆಗೂ ಬಿದಿರು ಕಡಿಯುವುದಕ್ಕೂ ಪರವಾನಗಿಯನ್ನು ಕಡ್ಡಾಯ ಮಾಡಿತು. ಹರಣಶಿಕಾರಿಗಳ ಬಲೆಯೂ ಕೊರವರ ಬುಟ್ಟಿಯೂ ಒಟ್ಟಿಗೆ ಬರಿದಾದವು. ವೃತ್ತಿ ಹೋಯಿತು, ಅಲೆದಾಟ ಉಳಿಯಿತು. ಭೂಕಂದಾಯವನ್ನೇ ನೆಚ್ಚಿದ ಸರಕಾರಕ್ಕೆ ಹೊಲವಿಲ್ಲದ, ಮನೆಯಿಲ್ಲದ, ಲೆಕ್ಕಕ್ಕೆ ಸಿಗದ ಮನುಷ್ಯನು ಒಂದು ಒಗಟು. ಒಗಟನ್ನು ಬಿಡಿಸಲಾರದ ಆಡಳಿತವು ಅದಕ್ಕೆ ಒಂದು ಹೆಸರನ್ನು ಕೊಟ್ಟು ಸಮಾಧಾನಪಟ್ಟುಕೊಂಡಿತು.

4

ಈ ಹೆಸರಿಗೆ ಪೂರ್ವಪೀಠಿಕೆ ಸಿದ್ಧವಾಗಿದ್ದಿತು. 1830ರ ದಶಕದಲ್ಲಿ ವಿಲಿಯಂ ಸ್ಲೀಮನ್ ಥಗ್ಗರ ವಿರುದ್ಧ ನಡೆಸಿದ ಕಾರ್ಯಾಚರಣೆಗೆ ಬೆಂಬಲವಾಗಿ 1836ರಲ್ಲಿ ಬಂದ ಕಾಯಿದೆಯು, ಇಂಥ ಕೊಲೆ ಮಾಡಿದನೆಂದು ಸಿದ್ಧಪಡಿಸಬೇಕಾದ ಹೊಣೆಯಿಂದ ಸರಕಾರವನ್ನು ಬಿಡಿಸಿತು. ಥಗ್ಗರ ಗುಂಪಿಗೆ ಸೇರಿದ್ದನೆಂಬುದೇ ಶಿಕ್ಷೆಗೆ ಸಾಕಾಯಿತು. ಮುಂದೆ ಸುರಪುರದ ಆಡಳಿತವನ್ನು ನೋಡಿಕೊಂಡು ನಮ್ಮ ಜನರಿಗೂ ಪರಿಚಿತನಾದ ಮೆಡೋಸ್ ಟೇಲರ್ 1839ರಲ್ಲಿ ಬರೆದ ಥಗ್ಗನ ಕಾದಂಬರಿಯು ಈ ಭೀತಿಯನ್ನು ಇಂಗ್ಲೆಂಡಿನ ಮನೆಮನೆಗೆ ಮುಟ್ಟಿಸಿತು. ಭಾರತದಲ್ಲಿ ಬಡಗಿಯ ಮಗ ಬಡಗಿಯಾಗುವಂತೆ ಕಳ್ಳನ ಮಗ ಕಳ್ಳನಾಗುತ್ತಾನೆ ಎಂಬ ತಿಳಿವಳಿಕೆ ಅಧಿಕಾರಿಗಳಲ್ಲಿ ನೆಲೆಯೂರಿತು.

1871ರ ಅಪರಾಧಿ ಬುಡಕಟ್ಟುಗಳ ಕಾಯಿದೆಯು ಈ ತಿಳಿವಳಿಕೆಗೆ ಶಾಸನದ ರೂಪವನ್ನು ಕೊಟ್ಟಿತು. ಮೊದಲು ಉತ್ತರ ಹಿಂದುಸ್ತಾನಕ್ಕೆ ಸೀಮಿತವಾಗಿದ್ದ ಅದು 1911ರ ಕಾಯಿದೆಯಿಂದ ಮುಂಬಯಿ, ಮದ್ರಾಸು ಪ್ರಾಂತಗಳಿಗೂ ವ್ಯಾಪಿಸಿತು, 1924ರಲ್ಲಿ ಕ್ರೋಡೀಕೃತವಾಯಿತು. ಇದರ ಕಾರ್ಯಕ್ರಮವು ಸರಳವಾದುದು. ಸ್ಥಳೀಯ ಸರಕಾರವು ಒಂದು ಬುಡಕಟ್ಟನ್ನು ಅಪರಾಧಪ್ರವೃತ್ತವೆಂದು ಪ್ರಕಟಿಸಿದರೆ ಸಾಕು, ನ್ಯಾಯಾಲಯವು ಆ ಪ್ರಕಟಣೆಯನ್ನು ಪ್ರಶ್ನಿಸುವಂತಿರಲಿಲ್ಲ. ಬಳಿಕ ಅದರ ಸದಸ್ಯರ ಹೆಸರುಗಳು ದಾಖಲಾಗುತ್ತಿದ್ದವು, ಬೆರಳಚ್ಚುಗಳನ್ನು ತೆಗೆದುಕೊಳ್ಳಲಾಗುತ್ತಿದ್ದಿತು, ನಿಯತಕಾಲಕ್ಕೆ ಹಾಜರಿ ಕೊಡಬೇಕಾಗುತ್ತಿದ್ದಿತು, ಪರವೂರಿಗೆ ಹೋಗಲು ಪರವಾನಗಿ ಚೀಟಿ ಬೇಕಾಗುತ್ತಿದ್ದಿತು. ಕೆಲವು ನಿರ್ದಿಷ್ಟ ಅಪರಾಧಗಳಲ್ಲಿ ಎರಡನೆಯ ಬಾರಿ ಸಿಕ್ಕಿಬಿದ್ದರೆ, ವಿಶೇಷ ಕಾರಣಗಳಿಲ್ಲದ ಪಕ್ಷದಲ್ಲಿ, ಕನಿಷ್ಠ 7 ವರ್ಷಗಳ ಸೆರೆ. ಮೂರನೆಯ ಬಾರಿ ಆಜೀವ ಗಡೀಪಾರು. 1897ರ ತಿದ್ದುಪಡಿಯಂತೂ 4ರಿಂದ 18 ವರ್ಷದೊಳಗಿನ ಮಕ್ಕಳನ್ನು ತಂದೆತಾಯಿಗಳಿಂದ ಬೇರ್ಪಡಿಸಿ ಇರಿಸಲು ಅವಕಾಶ ಮಾಡಿಕೊಟ್ಟಿತು.

1871ರ ಕಾಯಿದೆಯ ಎರಡನೆಯ ಭಾಗವು ಹಿಜಡಾ ಸಮುದಾಯದವರನ್ನು ನೋಂದಾಯಿಸುವುದಕ್ಕೆ ಮೀಸಲಾಗಿದ್ದಿತು. ಸ್ತ್ರೀವೇಷ ಧರಿಸಿ ಬೀದಿಯಲ್ಲಿ ಹಾಡಿ ಕುಣಿಯುವುದು ಅವರ ಪಾಲಿಗೆ ದಂಡನೀಯವಾಯಿತು. ಕಳವು ಮಾಡುವವನೆಂಬ ಶಂಕೆಗೂ ಈ ವೇಷಕ್ಕೂ ಏನು ಸಂಬಂಧ? ಆಡಳಿತಕ್ಕೆ ಅರ್ಥವಾಗದವರು ಎಂಬುದೊಂದೇ ಇಬ್ಬರಿಗೂ ಸಮಾನವಾದ ಲಕ್ಷಣ.

5

ಹೀಗೆ ಪಟ್ಟಿಗೆ ಸೇರಿದವರನ್ನು ಏನು ಮಾಡಬೇಕು? ಮುಂಬಯಿ ಪ್ರಾಂತದಲ್ಲಿ ಇದಕ್ಕೆ ಸಿಕ್ಕಿದ ಉತ್ತರವೇ ‘ಸೆಟ್ಲಮೆಂಟು’. ಓ. ಎಚ್. ಬಿ. ಸ್ಟಾರ್ಟ್ ಎಂಬ ಅಧಿಕಾರಿಯು 1910ರ ಸುಮಾರಿಗೆ ವಿಜಾಪುರದಲ್ಲಿ ಈ ಕೆಲಸವನ್ನು ಆರಂಭಿಸಿದನು. ಹುಬ್ಬಳ್ಳಿ, ಗದಗ, ಸೊಲ್ಲಾಪುರಗಳಲ್ಲಿಯೂ ಸೆಟ್ಲಮೆಂಟುಗಳು ಎದ್ದವು. ಸೊಲ್ಲಾಪುರದಲ್ಲಿ ಅಲ್ಲಿನ ನಿವಾಸಿಗಳು ಗಿರಣಿಗಳಲ್ಲಿ ದುಡಿದರು. ಇಂದಿಗೂ ಈ ಊರುಗಳಲ್ಲಿ ‘ಸೆಟ್ಲಮೆಂಟ್’ ಎಂಬ ಹೆಸರಿನ ಬಡಾವಣೆಗಳಿವೆ.

ಸ್ಟಾರ್ಟ್ ಕ್ರೂರಿಯಲ್ಲ. 1930ರಲ್ಲಿ ವರದಿ ಸಲ್ಲಿಸಿದ ದಲಿತ ವರ್ಗಗಳ ಮತ್ತು ಆದಿವಾಸಿಗಳ ಸ್ಥಿತಿಯ ವಿಚಾರಣಾ ಸಮಿತಿಗೆ ಆತನೇ ಅಧ್ಯಕ್ಷನು, ಡಾ. ಅಂಬೇಡ್ಕರ್ ಮತ್ತು ಠಕ್ಕರ್ ಬಾಪಾ ಅದರ ಸದಸ್ಯರು. ಈ ವಿಷಯವನ್ನು ಇಲ್ಲಿ ಹೇಳಲು ಕಾರಣವುಂಟು. ಒಂದು ಜನವನ್ನು ತಪ್ಪಿತಸ್ಥರೆಂದು ಗುರುತಿಸುವವರು ಯಾವಾಗಲೂ ದುಷ್ಟರೇ ಆಗಿರಬೇಕೆಂದಿಲ್ಲ. ಸುಧಾರಣೆಯ ಸದಿಚ್ಛೆಯೂ ತಂತಿಬೇಲಿಯೂ ಒಂದೇ ಆವರಣದಲ್ಲಿ ಇರಬಲ್ಲವು. ಮಕ್ಕಳಿಗೆ ಶಾಲೆ ದೊರೆಯಿತು, ಹಿರಿಯರಿಗೆ ಕೂಲಿ ದೊರೆಯಿತು. ಆದರೆ ಬೇಲಿಯೊಳಗಿನವರು ಅಪರಾಧಿಗಳೆಂಬ ಮೂಲ ಕಲ್ಪನೆಯನ್ನು ಯಾರೂ ಮುಟ್ಟಲಿಲ್ಲ.

ಹಾಗಾದರೆ ಈ ಜನರಲ್ಲಿ ಕಳವು ಮಾಡುವವರು ಇರಲೇ ಇಲ್ಲವೇ ಎಂದು ವಾಚಕರು ಕೇಳಬಹುದು. ಇದ್ದರು. ಎಲ್ಲ ಜಾತಿಗಳಲ್ಲಿಯೂ ಇರುವಂತೆ, ಹೊಟ್ಟೆಗಿಲ್ಲದವರಲ್ಲಿ ಇರುವಂತೆ ಇದ್ದರು. ಪ್ರಶ್ನೆ ಅದಲ್ಲ. ಇತರ ಜಾತಿಯವನು ಕದ್ದರೆ ಅದು ಅವನೊಬ್ಬನ ಕೃತ್ಯ. ಪಟ್ಟಿಯಲ್ಲಿದ್ದವನು ಕದ್ದರೆ ಅದು ಅವನ ಕುಲದ ಸ್ವಭಾವ. ಮೊದಲನೆಯವನ ಮಗನು ನಿರ್ದೋಷಿಯಾಗಿ ಹುಟ್ಟುತ್ತಾನೆ, ಎರಡನೆಯವನ ಮಗನು ದಾಖಲೆಯೊಡನೆ ಹುಟ್ಟುತ್ತಾನೆ.

ಪಟ್ಟಿಯು ತನ್ನ ಸಮರ್ಥನೆಯನ್ನು ತಾನೇ ಹುಟ್ಟಿಸಿಕೊಳ್ಳುವ ಬಗೆಯೂ ಇಲ್ಲಿ ಸ್ಪಷ್ಟವಾಗುತ್ತದೆ. ಠಾಣೆಯಲ್ಲಿ ಹಾಜರಿ ಕೊಡಬೇಕಾದವನಿಗೆ ಪರವೂರಿನ ಸಂತೆ ತಪ್ಪುತ್ತದೆ. ಸಂತೆ ತಪ್ಪಿದವನಿಗೆ ಸಂಪಾದನೆಯಿಲ್ಲ. ಸಂಪಾದನೆಗೆಂದು ಚೀಟಿಯಿಲ್ಲದೆ ಹೊರಟರೆ ಅದೇ ಒಂದು ಅಪರಾಧ. ಆ ಅಪರಾಧವು ದಾಖಲೆಗೆ ಸೇರಿ, ಈ ಜನ ನಿಜವಾಗಿಯೂ ಅಪರಾಧಶೀಲರೆಂಬುದಕ್ಕೆ ಅಂಕಿಸಂಖ್ಯೆಯ ಪ್ರಮಾಣವಾಗುತ್ತದೆ. ಅಮೆರಿಕದ ರಾಬರ್ಟ್ ಮರ್ಟನ್ 1948ರಲ್ಲಿ, ನಂಬಿದ್ದರಿಂದಲೇ ನಿಜವಾಗುವ ಸುಳ್ಳು ಭವಿಷ್ಯವೆಂದು ವಿವರಿಸಿದ್ದು ಇದನ್ನೇ. ಎಡ್ವಿನ್ ಲೆಮರ್ಟ್ 1951ರಲ್ಲಿ ಮೊದಲ ತಪ್ಪಿಗೂ, ತಪ್ಪಿತಸ್ಥನೆಂಬ ಹೆಸರು ಅಂಟಿದ ಬಳಿಕ ನಡೆಯುವ ತಪ್ಪಿಗೂ ಇರುವ ಭೇದವನ್ನು ತೋರಿಸಿಕೊಟ್ಟನು. ಎರಡನೆಯದಕ್ಕೆ ಹೆಸರಿಟ್ಟವರೂ ಪಾಲುದಾರರು.

6

ಸ್ವಾತಂತ್ರ್ಯದ ಹೊತ್ತಿಗೆ ದೇಶದಲ್ಲಿ ಸುಮಾರು 127 ಸಮುದಾಯಗಳು ಈ ಪಟ್ಟಿಯಲ್ಲಿದ್ದುವೆಂದು ಅಂದಾಜು. ಮುಂಬಯಿ ಪ್ರಾಂತವು 1949ರಲ್ಲಿ ಕಾಯಿದೆಯನ್ನು ರದ್ದುಗೊಳಿಸಿತು. 1952ರ ಆಗಸ್ಟ್ 31ರಂದು ಅದು ದೇಶದಾದ್ಯಂತ ರದ್ದಾಯಿತು. ಆ ಸಮುದಾಯಗಳು ಇಂದಿಗೂ ಆ ದಿನವನ್ನು ವಿಮುಕ್ತಿ ದಿನವೆಂದು ಆಚರಿಸುತ್ತವೆ. ಆದರೆ ಮುಂಬಯಿ ರಾಜ್ಯದಲ್ಲಿ 1959ರಲ್ಲಿಯೂ ಮೈಸೂರು ರಾಜ್ಯದಲ್ಲಿ 1961ರಲ್ಲಿಯೂ ‘ರೂಢಿಗತ ಅಪರಾಧಿ’ಗಳ ಕಾಯಿದೆಗಳು ಬಂದವು. ಇವು ಬುಡಕಟ್ಟನ್ನು ಹೆಸರಿಸುವುದಿಲ್ಲ, ವ್ಯಕ್ತಿಯನ್ನು ಮಾತ್ರ ನೋಡುತ್ತವೆ ಎಂಬುದು ನಿಜ. ಆದರೆ ಠಾಣೆಯ ಹಳೆಯ ದಾಖಲೆಯೂ ಹಳೆಯ ಅಭ್ಯಾಸವೂ ಕಾಯಿದೆಯೊಡನೆ ರದ್ದಾಗಲಿಲ್ಲ.

ಭಾಷೆಯಲ್ಲಿಯೂ ಆ ಪಟ್ಟಿ ಉಳಿದುಕೊಂಡಿತು. ಕರ್ನಾಟಕದ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿ ‘ಗಂಟಿಚೋರ’ ಎಂಬ ಹೆಸರಿದೆ. ಗಂಟು ಕದಿಯುವವನೆಂದು ಅದರ ಅರ್ಥ. ಮರಾಠಿಯ ‘ಉಚಲ್ಯಾ’ ಎಂಬುದೂ ಎತ್ತಿಕೊಂಡು ಹೋಗುವವನೆಂಬ ಅರ್ಥದ್ದೇ. ಲಕ್ಷ್ಮಣ ಗಾಯಕವಾಡರು ತಮ್ಮ ಆತ್ಮಕಥೆಗೆ ಅದನ್ನೇ ಹೆಸರಾಗಿಟ್ಟು 1988ರಲ್ಲಿ ಸಾಹಿತ್ಯ ಅಕಾಡೆಮಿಯ ಪುರಸ್ಕಾರವನ್ನು ಪಡೆದರು. ಸವಲತ್ತು ಪಡೆಯಲು ಶಾಲೆಯ ಅರ್ಜಿಯಲ್ಲಿ ಮಗುವೊಂದು ತನ್ನನ್ನು ಕಳ್ಳನೆಂದು ಬರೆದುಕೊಳ್ಳಬೇಕಾದ ಸ್ಥಿತಿಯನ್ನು ವಾಚಕರು ಒಮ್ಮೆ ಊಹಿಸಿ ನೋಡಬೇಕು.

ಈ ಚರಿತ್ರೆಯ ಇತ್ತೀಚಿನ ಅಧ್ಯಾಯವೊಂದಕ್ಕೆ ನಮ್ಮ ಕಲ್ಯಾಣದ ನಂಟಿದೆ. ಕಲ್ಯಾಣ ಮೂಲದ ಪತ್ರಕರ್ತೆ ಸುಕನ್ಯಾ ಶಾಂತಾ ಅವರು, ಸೆರೆಮನೆಗಳಲ್ಲಿ ಜಾತಿಯನ್ನು ನೋಡಿ ಕೆಲಸ ಹಂಚುವ ಪದ್ಧತಿಯ ವಿರುದ್ಧ ಸರ್ವೋಚ್ಚ ನ್ಯಾಯಾಲಯಕ್ಕೆ ಮೊರೆಹೊಕ್ಕರು. 2024ರ ಅಕ್ಟೋಬರ್ 3ರಂದು ನ್ಯಾಯಾಲಯವು ಅಂತಹ ನಿಯಮಗಳನ್ನು ಸಂವಿಧಾನಬಾಹಿರವೆಂದು ಸಾರಿತು. ವಿಮುಕ್ತ ಬುಡಕಟ್ಟುಗಳವರನ್ನು ಹುಟ್ಟಿನ ಕಾರಣದಿಂದಲೇ ರೂಢಿಗತ ಅಪರಾಧಿಗಳೆಂದು ಭಾವಿಸುವ ಕಾರಾಗೃಹ ನಿಯಮಗಳನ್ನೂ ಅದು ಖಂಡಿಸಿತು. 1952ರಲ್ಲಿ ರದ್ದಾದ ಕಲ್ಪನೆಯು 72 ವರ್ಷಗಳ ತರುವಾಯವೂ ಸೆರೆಮನೆಯ ಕೈಪಿಡಿಗಳಲ್ಲಿ ಜೀವಂತವಾಗಿದ್ದಿತೆಂಬುದು ಇದರಿಂದ ವ್ಯಕ್ತವಾಗುತ್ತದೆ.

7

ಪಟ್ಟಿಯು ಮನುಷ್ಯನ ಗುಣವನ್ನು ಹೇಳುವುದಿಲ್ಲ, ಪಟ್ಟಿ ಮಾಡಿದವರ ಅನುಕೂಲವನ್ನು ಹೇಳುತ್ತದೆ ಎಂಬುದಕ್ಕೆ ರಾಜ್ಯಗಳ ಗಡಿಯೇ ಸಾಕ್ಷಿ. 1956ರ ನವೆಂಬರ್ 1ರವರೆಗೆ ವಿಜಾಪುರವೂ ಸೊಲ್ಲಾಪುರವೂ ಒಂದೇ ರಾಜ್ಯದಲ್ಲಿದ್ದವು. ಇಂದು ವಡ್ಡರವನು ಕರ್ನಾಟಕದಲ್ಲಿ ಪರಿಶಿಷ್ಟ ಜಾತಿಯವನು, ಗಡಿ ದಾಟಿದರೆ 14 ವಿಮುಕ್ತ ಜಾತಿಗಳಲ್ಲಿ ಒಂದಕ್ಕೆ ಸೇರಿದವನು. ಲಂಬಾಣಿಯು ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ, ತೆಲಂಗಾಣದಲ್ಲಿ ಪರಿಶಿಷ್ಟ ಪಂಗಡ, ಮಹಾರಾಷ್ಟ್ರದಲ್ಲಿ ವಿಮುಕ್ತ ಜಾತಿ. ಕೊರವರ ಬಳಗದವರಾದ ಕೈಕಾಡಿಗಳು ವಿದರ್ಭದಲ್ಲಿ ಪರಿಶಿಷ್ಟ ಜಾತಿ, ಅದೇ ರಾಜ್ಯದ ಉಳಿದ ಭಾಗದಲ್ಲಿ ವಿಮುಕ್ತ ಜಾತಿ. ಮನುಷ್ಯನೊಬ್ಬನೇ, ಮನೆಮಾತೊಂದೇ, ಹಣೆಪಟ್ಟಿ ಮಾತ್ರ ಮೂರು.

ಗಡಿ ದಾಟಿ ಬಂದವನಿಗೆ ಇವುಗಳಲ್ಲಿ ಯಾವುದೂ ದೊರೆಯದೆ ಹೋಗುವುದುಂಟು. ಮುಂಬಯಿಯ ಸೇಠ್ ಜಿ. ಎಸ್. ವೈದ್ಯಕೀಯ ಕಾಲೇಜಿನ ಪ್ರವೇಶಕ್ಕೆ ಸಂಬಂಧಿಸಿದ ಮರ್ರಿ ಚಂದ್ರಶೇಖರ ರಾವ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 1990ರಲ್ಲಿ, ಒಂದು ರಾಜ್ಯದ ಪರಿಶಿಷ್ಟ ಸ್ಥಾನವು ವಲಸೆ ಹೋದ ರಾಜ್ಯಕ್ಕೆ ಮನುಷ್ಯನೊಡನೆ ಬರುವುದಿಲ್ಲವೆಂದು ನಿರ್ಣಯಿಸಿತು. ಮಹಾರಾಷ್ಟ್ರದಲ್ಲಿ ಜಾತಿ ಪ್ರಮಾಣಪತ್ರಕ್ಕೆ ಪೂರ್ವಿಕರು ಪರಿಶಿಷ್ಟ ಜಾತಿಯವರಾದರೆ 1950ರ ಆಗಸ್ಟ್ 10ಕ್ಕೂ, ವಿಮುಕ್ತ ಜಾತಿಯವರಾದರೆ 1961ರ ನವೆಂಬರ್ 21ಕ್ಕೂ ಮುಂಚಿನಿಂದ ಇಲ್ಲಿ ವಾಸವಾಗಿದ್ದುದಕ್ಕೆ ದಾಖಲೆ ಬೇಕು. ನವಿ ಮುಂಬಯಿಯನ್ನು ಕಟ್ಟಿದ ಸಿಡ್ಕೊ ಸಂಸ್ಥೆ ಹುಟ್ಟಿದುದೇ 1970ರಲ್ಲಿ. ಆ ನಗರದ ಕಲ್ಲು ಮಣ್ಣು ಹೊರಲು ವಿಜಾಪುರ, ಕಲಬುರಗಿಗಳ ಕಡೆಯಿಂದ ಬಂದು ಮುಂಜಾನೆಯ ನಾಕಾಗಳಲ್ಲಿ ನಿಂತ ವಡ್ಡರ, ಲಂಬಾಣಿ ಕುಟುಂಬಗಳು 1961ರ ದಾಖಲೆಯನ್ನು ಎಲ್ಲಿಂದ ತರಬೇಕು? ಸೌಲಭ್ಯದ ಪಟ್ಟಿಯಲ್ಲಿ ಅವರ ಹೆಸರಿಲ್ಲ. ಆದರೆ ಕಟ್ಟಡದಲ್ಲಿ ಕಬ್ಬಿಣದ ಸರಳು ಕಾಣೆಯಾದರೆ ಶಂಕೆಯ ಪಟ್ಟಿಯಲ್ಲಿ ಮೊದಲು ಬರುವುದು ಅವರ ಜೋಪಡಿಯೇ.

8

ಈ ವಿಚಾರವು ನಮಗೇಕೆ? ಪಟ್ಟಿಗೆ ಸೇರಿಸಲ್ಪಡುವುದೆಂದರೇನೆಂದು ನಾವೂ ಸ್ವಲ್ಪಮಟ್ಟಿಗೆ ಬಲ್ಲೆವು. 1960ರ ದಶಕದಲ್ಲಿ ‘ಮಾರ್ಮಿಕ’ ವಾರಪತ್ರಿಕೆಯು ಕಚೇರಿಗಳಲ್ಲಿದ್ದ ದಕ್ಷಿಣದವರ ಹೆಸರುಗಳ ಪಟ್ಟಿಗಳನ್ನು ಪ್ರಕಟಿಸಿತು. 1966ರ ಜೂನ್ 19ರಂದು ಶಿವಸೇನೆ ಸ್ಥಾಪಿತವಾಯಿತು. ಕನ್ನಡಿಗ, ತಮಿಳ, ಮಲೆಯಾಳಿ ಎಂಬ ಭೇದವಿಲ್ಲದೆ ನಾವೆಲ್ಲ ಒಂದೇ ಹೆಸರಿನವರಾದೆವು. ಉಡುವ ಬಟ್ಟೆ, ಆಡುವ ಮಾತು, ನಡೆಸುವ ಹೋಟೆಲು ಇವೇ ದೋಷಗಳಾಗಿ ಕಂಡವು. ಅದು ಕಾಲಕ್ರಮದಲ್ಲಿ ತಣ್ಣಗಾಯಿತು. ಏಕೆಂದರೆ ನಮ್ಮಲ್ಲಿ ಅಕ್ಷರವಿದ್ದಿತು, ಉದ್ಯೋಗವಿದ್ದಿತು, ಸಂಘಗಳಿದ್ದವು. ಪಾಲ ಹಾಕಿಕೊಂಡು ಬಾಳುವವನಿಗೆ ಇವು ಮೂರೂ ಇಲ್ಲ.

ಇನ್ನೊಂದು ಮಾತು. ನಮ್ಮ ಉತ್ಸವಗಳಲ್ಲಿ ಡೊಂಬರಾಟ, ಕೋಲೆಬಸವ, ಬುಡುಬುಡಿಕೆಗಳನ್ನು ಜಾನಪದ ಕಲೆಯೆಂದು ವೇದಿಕೆಯ ಮೇಲೆ ಮೆರೆಸುತ್ತೇವೆ, ಹಾರ ಹಾಕುತ್ತೇವೆ. 1959ರ ಮುಂಬಯಿ ಭಿಕ್ಷಾಟನೆ ನಿರೋಧ ಕಾಯಿದೆಯ ವ್ಯಾಖ್ಯೆಯಂತೆ ಸಾರ್ವಜನಿಕ ಸ್ಥಳದಲ್ಲಿ ಹಾಡಿ, ಕುಣಿದು, ಶಕುನ ಹೇಳಿ ಕಾಸು ಕೇಳುವುದು ಭಿಕ್ಷೆಯೇ. ಅದಕ್ಕೆ ವರ್ಷಗಟ್ಟಲೆ ಬಂಧನವನ್ನು ವಿಧಿಸಬಹುದು. ಇದೇ ಕಾಯಿದೆಯನ್ನು ದಿಲ್ಲಿಗೆ ಅನ್ವಯಿಸಿದ್ದಾಗ ಅಲ್ಲಿಯ ಉಚ್ಚ ನ್ಯಾಯಾಲಯವು 2018ರಲ್ಲಿ ಅದರ ಮುಖ್ಯ ಕಲಮುಗಳನ್ನು ಸಂವಿಧಾನಬಾಹಿರವೆಂದು ತೆಗೆದುಹಾಕಿತು. ವೇದಿಕೆಯ ಮೇಲಿನ ಕಲಾವಿದನೂ ಡೊಂಬಿವಲಿ ನಿಲ್ದಾಣದ ಮೆಟ್ಟಿಲ ಮೇಲಿನ ಭಿಕ್ಷುಕನೂ ಒಬ್ಬನೇ ಆಗಿರಬಹುದು. ಅವನನ್ನು ಯಾವ ಹೆಸರಿನಿಂದ ಕರೆಯಬೇಕೆಂಬ ನಿರ್ಧಾರವು ಅವನ ಕೈಯಲ್ಲಿಲ್ಲ. ಬಹುಮಟ್ಟಿಗೆ ನಮ್ಮಂಥವರ ಕೈಯಲ್ಲಿದೆ.

ಆದುದರಿಂದ ಕನ್ನಡ ಸಂಘಗಳು ಮಾಡಬಹುದಾದ ಕೆಲಸವುಂಟು. ನಾಕಾಗಳಲ್ಲಿ ನಿಲ್ಲುವ ಕನ್ನಡ ಕೂಲಿಕಾರರ ಮಕ್ಕಳ ಶಾಲಾಪ್ರವೇಶಕ್ಕೂ, ಊರಿನ ತಹಸೀಲದಾರರ ಕಚೇರಿಯಿಂದ ತರಿಸಬೇಕಾದ ಕಾಗದಪತ್ರಗಳಿಗೂ ನೆರವಾಗಬಹುದು. ವಾಸದ ದಿನಾಂಕದ ನಿಯಮವು ಈ ಕುಟುಂಬಗಳಿಗೆ ಮಾಡುವ ಅನ್ಯಾಯವನ್ನು ಎರಡೂ ಸರಕಾರಗಳ ಮುಂದೆ ಬರೆದಿಡಬಹುದು. ಹಿರಿಯರ ನೆನಪಿನಲ್ಲಿ ಸೆಟ್ಲಮೆಂಟಿನ ಕಾಲದ ಮಾತುಗಳೇನಾದರೂ ಉಳಿದಿದ್ದರೆ ಅವು ಮರೆಯಾಗುವ ಮುನ್ನ ಸಂಗ್ರಹಿಸಬಹುದು. ಎಲ್ಲಕ್ಕಿಂತ ಮೊದಲು, ನಮ್ಮ ವಸತಿ ಸಂಘಗಳಲ್ಲಿ ಕಳವಾದಾಗ ಯಾರ ಹೆಸರು ಮೊದಲು ನಮ್ಮ ಬಾಯಿಗೆ ಬರುತ್ತದೆ, ಅದಕ್ಕೆ ಆಧಾರವೇನು ಎಂದು ವಿಚಾರಿಸಿಕೊಳ್ಳಬಹುದು. ಕಾಯಿದೆಯ ಪಟ್ಟಿಯನ್ನು ಶಾಸನಸಭೆಯು ರದ್ದುಮಾಡಬಲ್ಲುದು. ನಾಲಗೆಯ ಮೇಲಿನ ಪಟ್ಟಿಯನ್ನು ರದ್ದುಮಾಡುವ ಅಧಿಕಾರವು ಅದನ್ನು ಉಚ್ಚರಿಸುವವರಿಗೆ ಮಾತ್ರ ಇದೆ.